ಲಿಫ್ಟಣ್ಣ ಟ್ರೇಡಿಂಗ್ ಕಲಿಯಲು ಹೋದದ್ದು

ಹುಟ್ಟಿದಾಗ ಇಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯಲ್ಲಿ, ಅಂಗಡಿಯಲ್ಲಿ, ಕೆಲಸಕ್ಕೆ ಹೋದ ಕಡೆಯಲ್ಲೆಲ್ಲ ಅವನು ಲಿಫ್ಟಣ್ಣ. ಪೇಟೆಯ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ಅವನಿಗೆ ಫೋನು ಹೋಗುತ್ತಿತ್ತು. ಒಳಗೆ ಸಿಕ್ಕಿಕೊಂಡವರು ಬಾಗಿಲು ಬಡಿಯುತ್ತಾ ಕೂಗಾಡುತ್ತಿದ್ದರೆ ಅವನು ಹೊರಗಿನಿಂದ ಸಂದಿಗೆ ಬಾಯಿಟ್ಟು, "ಗಾಬರಿ ಬೇಡ, ನಾನು ಬಂದಾಯ್ತು. ನೆಲದ ಮೇಲೆ ಕೂತ್ಕೊಳ್ಳಿ. ಮನೇಲಿ ಇವತ್ತು ಏನಡುಗೆ?" ಎಂದು ಕೇಳುತ್ತಿದ್ದ. ಇದೆಂಥ ಪ್ರಶ್ನೆ ಎಂದು ಅವರು ತಬ್ಬಿಬ್ಬಾಗುವಷ್ಟರಲ್ಲಿ ಮೆಟ್ಟಿಲು ಹತ್ತಿ ಮೇಲಿನ ಮೋಟರು ಕೋಣೆ ಸೇರಿ, ಬ್ರೇಕು ಸಡಿಲಿಸಿ, ದೊಡ್ಡ ಗಾಲಿಯನ್ನು ಕೈಯಿಂದಲೇ ತಿರುಗಿಸಿ, ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ನಿಲ್ಲಿಸುತ್ತಿದ್ದ. ಹೊರಬಂದವರು ಕೈಹಿಡಿದು ಅತ್ತದ್ದೂ ಉಂಟು, ಯಾಕಿಷ್ಟು ತಡ ಎಂದು ಬೈದದ್ದೂ ಉಂಟು. ಎರಡಕ್ಕೂ ಅವನು "ಆಗಲಿ" ಅಂದು ಕೈ ಒರೆಸಿಕೊಳ್ಳುತ್ತಿದ್ದ.

ಮಗ ಹೈಸ್ಕೂಲಿನಲ್ಲಿದ್ದಾಗಲೇ ಹೆಂಡತಿ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಅಪ್ಪ ಮಗ ಇಬ್ಬರೇ. ಲಿಫ್ಟಣ್ಣ ಬೆಳಿಗ್ಗೆ ಬೇಗ ಎದ್ದು ಅಡುಗೆ ಮಾಡಿ ಎರಡು ಡಬ್ಬಿ ಕಟ್ಟುತ್ತಿದ್ದ. ಉಪ್ಪು ಹೆಚ್ಚಾದ ದಿನ ಮಗ ಸುಮ್ಮನೆ ತಿಂದು ನೀರು ಕುಡಿಯುತ್ತಿದ್ದ. ಉಪ್ಪು ಮರೆತ ದಿನ ಅಪ್ಪನೇ, "ಇವತ್ತು ಉಪ್ಪು ಮುಷ್ಕರ ಹೂಡಿದೆ ಕಣೋ" ಎನ್ನುತ್ತಿದ್ದ. ಇಬ್ಬರಿಗೂ ಮಾತು ಕಡಿಮೆ, ಹಠ ಜಾಸ್ತಿ. ಆಟದಲ್ಲಿ ಬಿದ್ದು ಮೊಣಕಾಲು ಕಿತ್ತುಕೊಂಡಾಗ ಒಂದು ಹನಿ ಕಣ್ಣೀರು ಹಾಕದ ಹುಡುಗನನ್ನು ನೋಡಿ ನೆರೆಯವರು, "ಅಪ್ಪನ ಅಚ್ಚಿನಲ್ಲೇ ಎರಕ ಹೊಯ್ದ ಹಾಗಿದಾನೆ" ಎಂದಾಗ ಲಿಫ್ಟಣ್ಣನಿಗೆ ಒಳಗೊಳಗೇ ಹೆಮ್ಮೆ.

ಮಗ ದೊಡ್ಡವನಾಗಿ ಒಂದು ಪಾರ್ಸೆಲ್ ಕಂಪನಿಯ ಗೋದಾಮಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ. ಬೇಕರಿಯಲ್ಲಿ ಕೇಕುಗಳ ಮೇಲೆ ಹೂವು, ಬಳ್ಳಿ, ಹೆಸರು ಬರೆಯುತ್ತಿದ್ದ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಸೊಸೆ ಬಂದ ಮೇಲೆ ಮನೆಯಲ್ಲಿ ಸಕ್ಕರೆಯ ವಾಸನೆ, ನಗು, ರೇಡಿಯೊ ಎಲ್ಲ ಬಂತು. ಒಂದು ಹೆಣ್ಣು ಕೂಸೂ ಬಂತು. ದುಂಡಗೆ, ಸಣ್ಣಗೆ ಇದ್ದಳು. ಎಲ್ಲಿ ಇಟ್ಟರೂ ಉರುಳಿಕೊಂಡು ಇನ್ನೆಲ್ಲೋ ಸಿಗುತ್ತಿದ್ದಳೆಂದು ಲಿಫ್ಟಣ್ಣನೇ ಅವಳಿಗೆ ಬಟಾಣಿ ಎಂದು ಹೆಸರಿಟ್ಟ.

ಬಟಾಣಿಗೆ ನಾಲ್ಕೋ ಐದೋ ವಯಸ್ಸಾಗಿದ್ದಾಗ, ಒಂದು ಭಾನುವಾರ ಊಟದ ಹೊತ್ತಿನಲ್ಲಿ ಮಗ ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕಕ್ಕೆ ಬಂದ. ಫೋನನ್ನು ಮುಂದೆ ಹಿಡಿದ.

"ಅಪ್ಪಾ, ಒಂದ್ಸಲ ನೋಡು. ಇದು ಬೇರೆ ಬೇರೆ ದೇಶದ ಹಣ. ಒಂದರ ಬೆಲೆ ಏರಿದ್ರೆ ಇನ್ನೊಂದರದ್ದು ಇಳಿಯುತ್ತೆ…"

"ಏರೋದು ಇಳಿಯೋದು ನೀನು ನಂಗೆ ಹೇಳ್ಕೊಡ್ತೀಯಾ?"

ಸೊಸೆ ನಕ್ಕಳು. ಮಗನೂ ನಕ್ಕ. ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

"ಇದಕ್ಕೆ ದುಡ್ಡು ಹಾಕಿದ್ದೀಯಾ?"

"ಸ್ವಲ್ಪ."

"ಕಳ್ಕೊಂಡಿದ್ದೀಯಾ?"

"ಸ್ವಲ್ಪ. ಕಲಿಯೋವಾಗ ಹೋಗುತ್ತಪ್ಪಾ. ನೀನು ಒಂದ್ಸಲ ನೋಡು ಅಂತ ಹೇಳ್ತಿರೋದು ಅಷ್ಟೇ."

ಲಿಫ್ಟಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ನೋಡುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ಅದು ಖಾರವಾಗಿತ್ತು. ಆಮೇಲೆ ಬಾಯಿಬಿಟ್ಟೂ ಹೇಳಿದ. "ಜೂಜಾಡೋನಿಗೆ ಈ ಮನೇಲಿ ತಟ್ಟೆ ಹಾಕಲ್ಲ."

ಮಗ ಫೋನು ಜೇಬಿಗಿಟ್ಟು, ತಟ್ಟೆಯಲ್ಲಿದ್ದುದನ್ನು ಕೊನೆಯ ತುತ್ತಿನವರೆಗೂ ತಿಂದು, ತಟ್ಟೆ ತೊಳೆದಿಟ್ಟು ಎದ್ದುಹೋದ. ಕೂಗಾಟವಿಲ್ಲ, ಅಳುವಿಲ್ಲ. ಆ ವಾರವೇ ಎರಡು ಬೀದಿಯಾಚೆ ಒಂದು ಬಾಡಿಗೆ ಕೋಣೆ ಹಿಡಿದು ಹೆಂಡತಿ ಮಗುವನ್ನು ಕರೆದುಕೊಂಡು ಹೊರಟ. ಹೊರಡುವಾಗ ಸೊಸೆ, "ಮಾವ, ಹೋಗ್ಬೇಡ ಅಂತ ನೀವೊಂದು ಮಾತು ಅಂದ್ರೆ ಅವರು ನಿಲ್ತಾರೆ" ಎಂದು ಕಣ್ಣಲ್ಲಿ ನೀರು ತುಂಬಿಕೊಂಡಳು. ಲಿಫ್ಟಣ್ಣ ನಲ್ಲಿಯ ವಾಷರು ಬದಲಿಸುತ್ತಾ ಕೂತಿದ್ದ. ತಲೆ ಎತ್ತಲಿಲ್ಲ.

ಹೀಗೆ ಒಂದು ವರ್ಷ ದಾಟಿತು. ಎರಡು ಬೀದಿ ನಡೆದರೆ ಮಗನ ಮನೆ. ಇವನೂ ಹೋಗಲಿಲ್ಲ, ಅವನೂ ಬರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಲಿಫ್ಟಣ್ಣ ಆ ದಾರಿಯಲ್ಲಿ ಏನಾದರೊಂದು ಕೆಲಸ ಹುಡುಕಿಕೊಂಡು, ರಸ್ತೆಯ ಆಚೆ ಬದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಆರಿಸುವವನ ಹಾಗೆ ನಿಲ್ಲುತ್ತಿದ್ದ. ಬಟಾಣಿ ಅಮ್ಮನ ಕೈಹಿಡಿದು ಜಿಗಿಯುತ್ತಾ ಹೋಗುವುದು ಕಾಣುತ್ತಿತ್ತು. ಸೊಸೆಗೂ ಇವನು ಕಾಣುತ್ತಿದ್ದ. ಇಬ್ಬರೂ ಕಾಣದವರ ಹಾಗೆ ಇರುತ್ತಿದ್ದರು. ಅಂಗಡಿಯವನು ಒಮ್ಮೆ, "ಮನೆ ತುಂಬಾ ಮೊಳೆ ಹೊಡೀತಾ ಇದ್ದೀಯೇನಣ್ಣ?" ಎಂದು ಕೇಳಿದ್ದ.

ಮಗ ಸತ್ತದ್ದು ಬಸ್ ಸ್ಟಾಪಿನಲ್ಲಿ. ಕೆಲಸಕ್ಕೆ ಹೊರಟು ಬಸ್ಸಿಗೆ ಕಾಯುತ್ತಿದ್ದವನು ಪಕ್ಕದವರ ಹತ್ತಿರ, "ತಲೆ ಯಾಕೋ…" ಎಂದನಂತೆ. ಮಾತು ಮುಗಿಯಲಿಲ್ಲ. ತಲೆಯೊಳಗೆ ಒಂದು ರಕ್ತನಾಳ ಒಡೆದಿತ್ತು. ಲಿಫ್ಟಣ್ಣನಿಗೆ ಸುದ್ದಿ ಮುಟ್ಟಿದಾಗ ಅವನು ಯಾವುದೋ ಕಟ್ಟಡದ ಲಿಫ್ಟಿನ ಗುಂಡಿಗೆ ಇಳಿದು ನೀರು ಬಳಿಯುತ್ತಿದ್ದ. ಹಾಗೇ ಒದ್ದೆ ಬಟ್ಟೆಯಲ್ಲಿ ಆಸ್ಪತ್ರೆಗೆ ಬಂದ. ಡಾಕ್ಟರು, "ಇದಕ್ಕೆ ಇಂಥದ್ದೇ ಕಾರಣ ಅಂತ ಇರಲ್ಲ. ಹುಟ್ಟಿನಿಂದಲೇ ನಾಳ ತೆಳುವಾಗಿರುತ್ತೆ, ಗೊತ್ತೇ ಆಗಲ್ಲ" ಎಂದು ಬಿಡಿಸಿ ಹೇಳಿದರು. ಆದರೆ ಬೀದಿಯ ಜನ ಬೇರೆ ಮಾತಾಡಿದರು. ಆ ಟ್ರೇಡಿಂಗು ಅವನ ತಲೆ ತಿಂತು, ದುಡ್ಡು ಹೋದ ಯೋಚನೆಗೇ ನರ ಒಡೀತು ಎಂದರು. ಲಿಫ್ಟಣ್ಣ ಡಾಕ್ಟರ ಮಾತನ್ನು ಬಿಟ್ಟು ಬೀದಿಯ ಮಾತನ್ನು ನಂಬಿದ. ಕೋಪಕ್ಕೆ ಒಂದು ಆಧಾರ ಬೇಕಿತ್ತು. ಇಲ್ಲದಿದ್ದರೆ ಆ ಒಂದು ವರ್ಷವನ್ನು ಎಲ್ಲಿ ಇಟ್ಟುಕೊಳ್ಳುವುದು?

ಎಲ್ಲ ಮುಗಿದ ಮೇಲೆ ಸೊಸೆ ಮಗುವನ್ನು ಕರೆದುಕೊಂಡು ತನ್ನ ಬಾಡಿಗೆ ಕೋಣೆಗೇ ಹೋದಳು. "ಮನೆಗೆ ಬಾಮ್ಮ" ಎನ್ನಲು ಲಿಫ್ಟಣ್ಣನಿಗೆ ನಾಲಿಗೆ ಏಳಲಿಲ್ಲ. ಅವಳೂ ಕಾಯಲಿಲ್ಲ.

ಚಳಿಗಾಲ ಬಂತು. ಗ್ರಂಥಾಲಯದ ಹಿಂದಿನ ಸಭಾಭವನದಲ್ಲಿ ಪ್ರತಿ ಚಳಿಗಾಲ ಸಂಜೆ ತರಗತಿಗಳು ನಡೆಯುತ್ತವೆ. ಹೊಲಿಗೆ, ಗಿಟಾರು, ಲೆಕ್ಕಪತ್ರ ಹೀಗೆ. ಅಲ್ಲಿನ ಫಲಕದಲ್ಲಿ ಆ ಸಲ 'ಹೊಸಬರಿಗೆ ಕರೆನ್ಸಿ ಟ್ರೇಡಿಂಗ್' ಎಂಬ ಹಾಳೆಯೂ, ಅದರ ಪಕ್ಕದಲ್ಲಿ ಕೆಂಪು ಹಸಿರು ಬಣ್ಣದ 'ಓವನ್ ಇಲ್ಲದೆ ಕ್ರಿಸ್‌ಮಸ್ ಕುಕೀಸ್' ಎಂಬ ಹಾಳೆಯೂ ಅಂಟಿದ್ದವು. ಲಿಫ್ಟಣ್ಣ ಒಳಗೆ ಹೋಗಿ ಮೇಜಿನ ಮುಂದೆ ನಿಂತ.

"ಕುಕೀಸಾ ಅಣ್ಣ?" ಎಂದಳು ಹೆಸರು ಬರೆದುಕೊಳ್ಳುವವಳು.

"ಇನ್ನೊಂದು."

ಅವಳು ಅವನ ಉಗುರುಗಳಲ್ಲಿದ್ದ ಗ್ರೀಸನ್ನೂ ಮುಖವನ್ನೂ ನೋಡಿ ಸುಮ್ಮನೆ ಬರೆದುಕೊಂಡಳು. ಈ ವಯಸ್ಸಿನಲ್ಲಿ ದುಡ್ಡಿನ ಆಸೆ ಎಂದುಕೊಂಡಿರಬೇಕು. ಅವನಿಗೆ ದುಡ್ಡು ಬೇಕಿರಲಿಲ್ಲ. ಮಗನನ್ನು ಕೊಂದದ್ದು ಏನು ಎಂದು ಕಣ್ಣಾರೆ ನೋಡಬೇಕಿತ್ತು.

ಕಲಿಸುತ್ತಿದ್ದವನು ಬ್ಯಾಂಕು ಬಿಟ್ಟುಬಂದ ತೆಳ್ಳನೆಯ ಯುವಕ. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಮೊದಲ ದಿನವೇ ಹೇಳಿದ: "ಇಲ್ಲಿಗೆ ಶ್ರೀಮಂತರಾಗೋಕೆ ಬಂದಿದ್ರೆ ಈಗಲೇ ಎದ್ದು ಪಕ್ಕದ ಕೋಣೆಗೆ ಹೋಗಿ. ಅಲ್ಲಿ ಕೊನೇಪಕ್ಷ ಕುಕೀಸ್ ಆದ್ರೂ ಸಿಗುತ್ತೆ. ಹೊಸಬರಲ್ಲಿ ಹೆಚ್ಚಿನವರು ಸೋಲ್ತಾರೆ." ಎಲ್ಲರೂ ನಕ್ಕರು, ಯಾರೂ ಎದ್ದು ಹೋಗಲಿಲ್ಲ.

ಒಂದು ದೇಶದ ಹಣ ಕೊಳ್ಳುವುದೆಂದರೆ ಇನ್ನೊಂದು ದೇಶದ ಹಣ ಮಾರಿದಂತೆ, ಅದಕ್ಕೇ ಇಲ್ಲಿ ಎಲ್ಲವೂ ಜೋಡಿ ಜೋಡಿ ಎಂದು ಮೇಷ್ಟ್ರು ತೋರಿಸಿದ. ಕೈಯಲ್ಲಿರುವ ಸಣ್ಣ ಮೊತ್ತವನ್ನು ಅಡವಿಟ್ಟು ಅದರ ಎಷ್ಟೋ ಪಟ್ಟು ದೊಡ್ಡ ಮೊತ್ತದ ವ್ಯಾಪಾರ ಮಾಡಬಹುದು, ಲಾಭ ಬಂದರೆ ಅಷ್ಟು ಪಟ್ಟು, ಹೋದರೂ ಅಷ್ಟೇ ಪಟ್ಟು ಎಂದ. ಲಿಫ್ಟಣ್ಣ ಕೈ ಎತ್ತಿದ.

"ನಮ್ಮ ಕೆಲಸದಲ್ಲಿ ಹಗ್ಗ ತುಂಡಾದ್ರೆ ಕಚ್ಚಿ ಹಿಡಿಯೋ ಬ್ರೇಕ್ ಒಂದಿರುತ್ತೆ. ಇದರಲ್ಲಿ ಅಂಥದ್ದು ಇಲ್ವಾ?"

"ಇದೆ. ಸ್ಟಾಪ್ ಲಾಸ್ ಅಂತಾರೆ. ಇಷ್ಟು ನಷ್ಟ ಆದ ತಕ್ಷಣ ನಾನು ಆಚೆ ಬರ್ತೀನಿ ಅಂತ ಮೊದಲೇ ಹೇಳಿಡೋದು. ಆದ್ರೆ ಜನ ಹಾಕಲ್ಲ. ಹಾಕಿದ್ರೂ, ಬೆಲೆ ಅದರ ಹತ್ತಿರ ಬಂದಾಗ ತೆಗೆದುಬಿಡ್ತಾರೆ."

"ಯಾಕೆ?"

"ತಪ್ಪಾಯ್ತು ಅಂತ ಒಪ್ಕೊಳ್ಳೋಕೆ ಕಷ್ಟ. ಇನ್ನೊಂಚೂರು ಕಾದ್ರೆ ಅದೇ ತಿರುಗುತ್ತೆ ಅನ್ಸುತ್ತೆ."

ಲಿಫ್ಟಣ್ಣ ಎತ್ತಿದ ಕೈಯನ್ನು ಇಳಿಸಿದ.

ಎಲ್ಲರಿಗೂ ಫೋನಿನಲ್ಲಿ ಅಭ್ಯಾಸದ ಖಾತೆ ತೆರೆದುಕೊಟ್ಟರು. ಅದರಲ್ಲಿದ್ದುದು ಸುಳ್ಳು ದುಡ್ಡು, ಆದರೆ ಬೆಲೆಗಳು ನಿಜದವು. ಮಧ್ಯಾಹ್ನ ಮೋಟರು ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಲಿಫ್ಟಣ್ಣ ಒಂದು ಜೋಡಿ ಕೊಂಡ. ಫೋನಿನಲ್ಲಿ ಬೆಲೆ ತೋರಿಸುವ ಗೆರೆ ಇಳಿಯಿತು. ಸುಳ್ಳು ದುಡ್ಡು ಎಂದು ಗೊತ್ತಿದ್ದೂ ಅಂಗೈ ಬೆವರಿತು. ಆಮೇಲೆ ಗೆರೆ ನಿಂತು, ತಡವರಿಸಿ, ಮೇಲಕ್ಕೆ ಹೊರಳಿತು. ಅವನಿಗೆ ತಿಳಿಯದೆ ಬಾಯಿಂದ "ಹಾಂ! ಬಾ, ಬಾ" ಎಂಬ ಮಾತು ಹೊರಬಿತ್ತು. ಯಾರಿಗಾದರೂ ತೋರಿಸಬೇಕೆನಿಸಿತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಮಗ ಆ ಭಾನುವಾರ ಕುರ್ಚಿ ಎಳೆದುಕೊಂಡು ಬಂದದ್ದು ಈ ಆಸೆಗೇ ಎಂದು ಆಗ ಹೊಳೆಯಿತು. ಡಬ್ಬಿ ಮುಚ್ಚಿಟ್ಟ. ಅಂದು ಊಟ ಸೇರಲಿಲ್ಲ.

ಮುಂದಿನ ತರಗತಿಯ ಬಿಡುವಿನಲ್ಲಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಕೋಕೋ, ಬೆಣ್ಣೆಯ ವಾಸನೆಯ ಜೊತೆಗೆ ಬಟಾಣಿಯೂ ಉರುಳಿಕೊಂಡು ಬಂದಳು. ಕೆನ್ನೆಗೆಲ್ಲ ಬಿಳಿ ಸಕ್ಕರೆ ಪುಡಿ.

"ತಾತ! ನೀನಿಲ್ಲಿ ಏನ್ ಮಾಡ್ತಿದ್ದೀಯಾ?"

"ಲಿಫ್ಟು ಕೆಟ್ಟಿತ್ತಂತೆ, ನೋಡೋಕೆ ಬಂದೆ."

"ಸುಳ್ಳು. ಇಲ್ಲಿ ಲಿಫ್ಟೇ ಇಲ್ಲ. ಬರೀ ಮೆಟ್ಟಿಲು."

ಹಿಂದೆಯೇ ಸೊಸೆ ಬಂದಳು. ಏಪ್ರನ್ ಕಟ್ಟಿದ್ದಳು, ಬಹಳ ಇಳಿದುಹೋಗಿದ್ದಳು. ಆ ತರಗತಿ ನಡೆಸುತ್ತಿದ್ದವಳು ಅವಳೇ ಎಂದು ಲಿಫ್ಟಣ್ಣನಿಗೆ ಗೊತ್ತಿರಲಿಲ್ಲ. ಬಟಾಣಿ ತಾತನ ಬೆರಳು ಹಿಡಿದು ಒಳಗೆ ಎಳೆಯತೊಡಗಿದಳು. ಸೊಸೆ, "ಬನ್ನಿ ಮಾವ. ಚಳಿ ಇದೆ ಹೊರಗೆ" ಎಂದಳು. ಅಷ್ಟೇ.

ಅಂದಿನಿಂದ ತರಗತಿ ಮುಗಿದ ಮೇಲೆ ಅವನು ಆ ಕೋಣೆಗೆ ಹೋಗುವುದು ರೂಢಿಯಾಯಿತು. ಆಸ್ಪತ್ರೆಯ ಮಕ್ಕಳ ವಾರ್ಡಿಗೂ ಒಂದು ಶಾಲೆಗೂ ಕ್ರಿಸ್‌ಮಸ್‌ಗೆ ಕುಕೀಸ್ ಮಾಡಿಕೊಡಲು ಸೊಸೆ ಒಪ್ಪಿಕೊಂಡಿದ್ದಳು. ಬಾಡಿಗೆ ಕೋಣೆಯಲ್ಲಿ ಓವನ್ ಇಡಲು ಮಾಲೀಕರು ಬಿಟ್ಟಿರಲಿಲ್ಲ, ಸಭಾಭವನದಲ್ಲೂ ಓವನ್ ಇರಲಿಲ್ಲ. ಅದಕ್ಕೇ ಬೇಯಿಸದ ಕುಕೀಸ್. ಬಿಸ್ಕತ್ತನ್ನು ಚೀಲಕ್ಕೆ ಹಾಕಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಬೇಕು. ಬೆಣ್ಣೆ, ಕೋಕೋ, ಡಬ್ಬಿಯ ಗಟ್ಟಿ ಹಾಲು ಸೇರಿಸಿ ನಾದಿ, ತಟ್ಟೆಯಲ್ಲಿ ಒತ್ತಿ, ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಮರ, ನಕ್ಷತ್ರ, ಹಿಮದ ಗೊಂಬೆಗಳ ಆಕಾರದಲ್ಲಿ ಕತ್ತರಿಸಬೇಕು. ಆಮೇಲೆ ಅಲಂಕಾರ. ಅದೇ ನಿಧಾನದ ಕೆಲಸ.

ಬಿಸ್ಕತ್ತು ಕುಟ್ಟುವುದು ಲಿಫ್ಟಣ್ಣನ ಪಾಲಿಗೆ ಬಂತು. ಬಟಾಣಿ ಬೆಳ್ಳಿ ಬಣ್ಣದ ಸಕ್ಕರೆ ಮಣಿಗಳನ್ನು ಮರಗಳಿಗೆ ಅಂಟಿಸುತ್ತಿದ್ದಳು, ಮರಕ್ಕೆ ಒಂದು, ಬಾಯಿಗೆ ಒಂದು. ಒಂದು ಸಂಜೆ ಸೊಸೆ ಐಸಿಂಗ್ ತುಂಬಿದ ಕೋನನ್ನು ಅವನ ಕೈಗೆ ಕೊಟ್ಟು, "ಮೇಲಿಂದ ಹಿಂಡಿ ಮಾವ. ಮಧ್ಯದಲ್ಲಿ ಅಮುಕಬೇಡಿ, ಹಿಂದಿಂದ ಉಕ್ಕುತ್ತೆ" ಎಂದು ತೋರಿಸಿಕೊಟ್ಟಳು. ಮೊದಲೆರಡು ಮರಗಳು ಹಾಳಾದವು, ಬಟಾಣಿಯ ಹೊಟ್ಟೆ ಸೇರಿದವು. ಆಮೇಲೆ ಗೆರೆಗಳು ನೆಟ್ಟಗೆ ಬಂದವು. ಗೊಂಬೆಗಳ ಮುಖ ಮಾತ್ರ ಅವನ ಕೈಗೆ ಒಗ್ಗಲಿಲ್ಲ.

"ಅಮ್ಮಾ, ತಾತನ ಗೊಂಬೆ ಎಲ್ಲಾ ಅಳ್ತಾ ಇವೆ!"

ಸೊಸೆ ಬಗ್ಗಿ ನೋಡಿದಳು. ಬಾಯಿ ಬರೆಯುವಾಗ ಕೊನೆಯಲ್ಲಿ ಕೋನು ಕೆಳಕ್ಕೆ ಜಾರಿ ಎಲ್ಲದರ ತುಟಿಯೂ ಕೆಳಗೆ ಬಾಗಿತ್ತು. ಅವಳು ಬಹಳ ದಿನಗಳ ಮೇಲೆ ನಕ್ಕಳು. ನಗುತ್ತಾ ನಗುತ್ತಾ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು. "ಆಸ್ಪತ್ರೆಗೆ ಇವನ್ನ ಕೊಡೋಕಾಗಲ್ಲ. ಅಲ್ಲಿರೋ ಮಕ್ಕಳೂ ಅಳೋಕೆ ಶುರು ಮಾಡ್ತಾರೆ."

ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಬಟಾಣಿ ಮೂಲೆಯಲ್ಲಿ ಡಬ್ಬಿಗಳಿಗೆ ರಿಬ್ಬನ್ ಸುತ್ತುತ್ತಿದ್ದಳು. ಸೊಸೆ ಬಟರ್ ಪೇಪರ್ ಕತ್ತರಿಸುತ್ತಾ, "ಅಲ್ಲ ಮಾವ, ನೀವು ಇಲ್ಲಿ ಯಾವ ಕ್ಲಾಸಿಗೆ ಬರ್ತಿದ್ದೀರಿ? ಕೇಳಬೇಕು ಅಂದ್ಕೊಂಡು ಮರೀತಾನೇ ಇದ್ದೆ" ಎಂದಳು.

ಲಿಫ್ಟಣ್ಣ ಕೋನು ಕೆಳಗಿಟ್ಟ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಟ್ರೇಡಿಂಗಿಗೆ."

ಅವಳ ಕತ್ತರಿ ನಿಂತಿತು.

"ಅವನನ್ನ ತಿಂದಿದ್ದು ಏನು ಅಂತ ನೋಡಬೇಕಿತ್ತು ಕಣಮ್ಮ. ನೋಡಿದೆ. ಈಗ ಸ್ವಲ್ಪ ಅರ್ಥ ಆಗುತ್ತೆ. ಒಂದ್ಸಲ ಒಳಗೆ ಹೋದ್ರೆ ಬಿಡಿಸ್ಕೊಂಡು ಬರೋದು ಕಷ್ಟ. ನಾನೇ ಅವನ ಜೊತೆ ಕೂತು…"

"ಯಾರನ್ನ ತಿಂದಿದ್ದು?" ಎಂದಳು ಸೊಸೆ. ಸ್ವರ ಮೆಲ್ಲಗಿತ್ತು. "ಅವರು ಅದನ್ನ ಬಿಟ್ಟು ಎಷ್ಟು ಕಾಲ ಆಗಿತ್ತು ಮಾವ! ಕೋಣೆಗೆ ಬಂದ ಸ್ವಲ್ಪ ದಿನಕ್ಕೇ ಬಿಟ್ಟರು. ಇದು ನಮ್ಮಂಥೋರಿಗಲ್ಲ ಕಣೇ, ಅಪ್ಪ ಹೇಳಿದ್ದೇ ಸರಿ ಅಂದ್ರು. ಫೋನಿಂದ ತೆಗೆದೂ ಹಾಕಿದ್ರು. ಹೋಗಿದ್ದ ದುಡ್ಡು ಬಹಳ ಏನೂ ಅಲ್ಲ. ಆಮೇಲೆ ಶನಿವಾರವೂ ಗೋದಾಮಿಗೆ ಹೋಗಿ ಅದನ್ನ ಸರಿ ಮಾಡಿದ್ರು."

ಲಿಫ್ಟಣ್ಣನಿಗೆ ಮೊದಲು ಮಾತು ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ. "ಬಿಟ್ಟಿದ್ನಾ?" ಎಂದ. "ಬಿಟ್ಟಿದ್ರೆ ನಂಗ್ಯಾಕೆ ಹೇಳಲಿಲ್ಲ?"

"ನಾನೂ ಎಷ್ಟು ಸಲ ಹೇಳ್ದೆ. ಹೋಗಿ ಹೇಳಿ, ಎರಡು ಬೀದಿ ಅಲ್ವಾ ಅಂತ. ಹೇಳಿದ್ರೆ ಅಪ್ಪ ಗೆದ್ದ ಹಾಗಾಗುತ್ತೆ ಅಂತಿದ್ರು." ಅವಳು ಕಾಗದವನ್ನು ಮಡಿಸಿದಳು, ಬಿಚ್ಚಿದಳು. "ಮಗು ಹುಟ್ಟುಹಬ್ಬಕ್ಕೆ ಹೋಗ್ತೀನಿ ಅಂದ್ರು, ಹೋಗಲಿಲ್ಲ. ಒಂದ್ಸಲ ನಿಮ್ಮ ಬೀದಿ ತಿರುವಿನವರೆಗೂ ಹೋಗಿ ವಾಪಸ್ ಬಂದ್ರು. ದೀಪ ಉರೀತಿತ್ತು, ಅಪ್ಪ ಊಟ ಮಾಡ್ತಿರಬೇಕು ಅಂದ್ರು."

ಲಿಫ್ಟಣ್ಣ ಮೇಜಿನ ಅಂಚನ್ನು ಹಿಡಿದುಕೊಂಡ.

"ನೀವೊಂದ್ಸಲ ಬಾಗಿಲು ತಟ್ಟಿದ್ರೆ ಸಾಕಿತ್ತು ಮಾವ" ಎಂದಳು ಸೊಸೆ. ಆಪಾದನೆಯ ದನಿಯಲ್ಲ. ಎಷ್ಟೋ ತಿಂಗಳಿಂದ ತನಗೆ ತಾನೇ ಹೇಳಿಕೊಂಡು ಸವೆದುಹೋದ ಮಾತಿನ ದನಿ.

ಯಾವುದರ ಮೇಲೆ ಕೋಪ ಮಾಡಿಕೊಂಡು ಅವನು ವರ್ಷವಿಡೀ ಮೊಳೆ ಆರಿಸುತ್ತಾ ನಿಂತಿದ್ದನೋ ಅದು ಮಗನ ಬಾಡಿಗೆ ಕೋಣೆಯಲ್ಲಿ ಇರಲೇ ಇಲ್ಲ. ಇದ್ದವನು ಅವನ ಮಗ ಮಾತ್ರ. ಅವನ ಹಾಗೆಯೇ ಹಠ ಹಿಡಿದು, ಅವನ ಹಾಗೆಯೇ ಕಾಯುತ್ತಾ. ಲಿಫ್ಟಣ್ಣ ಅಲ್ಲೇ ಮಕ್ಕಳ ಸಣ್ಣ ಸ್ಟೂಲಿನ ಮೇಲೆ ಕುಸಿದು ಕೂತ. ಮಗ ಸತ್ತ ದಿನ ಅತ್ತಿರಲಿಲ್ಲ, ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ಈಗ ಅತ್ತ. ಸದ್ದು ಮಾಡಿ, ನಾಚಿಕೆ ಬಿಟ್ಟು. ಬಟಾಣಿ ರಿಬ್ಬನ್ ಬಿಟ್ಟು ಬಂದು, ಏನು ಮಾಡಬೇಕೆಂದು ತಿಳಿಯದೆ, ತನ್ನ ಅಂಟಂಟು ಕೈಗಳಿಂದ ಅವನ ತಲೆಗೂದಲನ್ನು ನೇವರಿಸಿದಳು. ಬೆಳ್ಳಿ ಮಣಿಗಳು ಅವನ ನರೆಗೂದಲಿಗೆ ಅಂಟಿಕೊಂಡವು.

ಅತ್ತು ಮುಗಿದ ಮೇಲೆ ಮುಖ ತೊಳೆದು ಬಂದು, "ಮನೆಗೆ ಬಾಮ್ಮ" ಎಂದ. "ಮೂರು ಕೋಣೆ ಇದೆ. ಓವನ್ ಇಡೋಣ. ನಾನೊಬ್ಬನೇ ಏನು ಮಾಡಲಿ ಅಲ್ಲಿ?"

ಸೊಸೆ ಕತ್ತರಿಸಿದ ಕಾಗದಗಳನ್ನು ಒಟ್ಟು ಜೋಡಿಸಿಟ್ಟಳು. ಅವಳ ಅಕ್ಕ ಇರುವ ಊರಿನ ಒಂದು ದೊಡ್ಡ ಬೇಕರಿಯಲ್ಲಿ ಕೆಲಸ ಸಿಕ್ಕಿತ್ತು. ಹೊಸ ವರ್ಷಕ್ಕೆ ಸೇರಬೇಕು. ಬಟಾಣಿಗೆ ಅಲ್ಲಿ ಶಾಲೆಯೂ ನೋಡಿಯಾಗಿತ್ತು. "ಇದನ್ನ ಆಗ ಹೇಳಿದ್ರೆ ಓಡಿ ಬರ್ತಿದ್ದೆ ಮಾವ. ಈಗ ಆ ಮನೆಗೆ ಬಂದ್ರೆ ನಂಗೆ ಅವರು ತಟ್ಟೆ ತೊಳೆದಿಟ್ಟಿದ್ದೇ ಕಾಣುತ್ತೆ."

ಅವನು ತಲೆಯಾಡಿಸಿದ. ಮತ್ತೊಮ್ಮೆ ಕೇಳಲಿಲ್ಲ. ಈ ಸಲ ಅದು ಹಠವಲ್ಲ, ಕೇಳುವ ಹಕ್ಕು ತನಗಿಲ್ಲ ಎಂದು ಗೊತ್ತಿತ್ತು.

ಉಳಿದ ದಿನಗಳು ಕೆಲಸದಲ್ಲಿ ಕಳೆದವು. ಆಸ್ಪತ್ರೆಯ ಡಬ್ಬಿಗಳನ್ನು ಅವನೇ ಹೊತ್ತುಕೊಂಡು ಹೋಗಿ ವಾರ್ಡಿಗೆ ಕೊಟ್ಟುಬಂದ. ಕ್ರಿಸ್‌ಮಸ್‌ನ ಮಧ್ಯಾಹ್ನ ಸೊಸೆ ಬಟಾಣಿಯನ್ನು ಕರೆದುಕೊಂಡು ಅವನ ಮನೆಗೆ ಬಂದಳು. ಒಳಗೆ ಬರಲು ಹೊಸ್ತಿಲಲ್ಲಿ ಸ್ವಲ್ಪ ತಡೆದಳು, ಆದರೆ ಬಂದಳು. ಲಿಫ್ಟಣ್ಣ ಅಡುಗೆ ಮಾಡಿದ್ದ. ಮೂವರೂ ಉಂಡರು. ಸತ್ತವನ ಮಾತನ್ನು ಬಟಾಣಿಯೇ ಎತ್ತಿದಳು. ಅಪ್ಪ ಸ್ನಾನ ಮಾಡುವಾಗ ತಪ್ಪು ತಪ್ಪಾಗಿ ಹಾಡುತ್ತಿದ್ದ ಎಂದು ಹಾಡಿ ತೋರಿಸಿದಳು. ಸಣ್ಣವನಿದ್ದಾಗಲೂ ಹಾಗೇ ಹಾಡುತ್ತಿದ್ದ ಎಂದು ಲಿಫ್ಟಣ್ಣ ಹೇಳಿದ. ಸೊಸೆಗೆ ಅದು ಗೊತ್ತಿರಲಿಲ್ಲ. ಇನ್ನೂ ಹೇಳಿ ಎಂದಳು. ಹೊತ್ತು ಇಳಿಯುವವರೆಗೂ ಹೇಳುತ್ತಾ ಕೂತ. ಅಷ್ಟು ಮಾತು ಅವನು ಆ ಮನೆಯಲ್ಲಿ ಎಂದೂ ಆಡಿರಲಿಲ್ಲ.

ಅವರು ಹೊರಟದ್ದು ಮಂಜು ಕವಿದ ಒಂದು ಬೆಳಿಗ್ಗೆ. ಲಿಫ್ಟಣ್ಣ ಪೆಟ್ಟಿಗೆಗಳನ್ನು ಬಸ್ಸಿನ ಹೊಟ್ಟೆಗೆ ತಾನೇ ಜೋಡಿಸಿ, ಅಲುಗಾಡದ ಹಾಗೆ ಹಗ್ಗ ಬಿಗಿದ. ಬಟಾಣಿಗೆ ಹೇಳಲೆಂದು ಏನೇನೋ ಯೋಚಿಸಿಕೊಂಡು ಬಂದಿದ್ದ. ಆದರೆ ಬೇಗ ಎಬ್ಬಿಸಿದ್ದರಿಂದ ಅವಳು ಸೀಟಿನಲ್ಲಿ ಕೂತ ಕೂಡಲೇ ನಿದ್ದೆಹೋಗಿದ್ದಳು. ಸೊಸೆ ಕಿಟಕಿ ಸರಿಸಿ, "ಮನೆ ಸಿಕ್ಕಿದ ತಕ್ಷಣ ವಿಳಾಸ ಹೇಳ್ತೀನಿ. ಬರ್ಬೇಕು ನೀವು" ಎಂದಳು.

"ಬರ್ತೀನಮ್ಮ. ಬಾಗಿಲು ತಟ್ತೀನಿ."

ಬಸ್ಸು ಹೊರಡುವಾಗ ಸೊಸೆ ನಿದ್ದೆಯಲ್ಲಿದ್ದ ಮಗುವಿನ ಕೈಯನ್ನು ಎತ್ತಿ ಟಾಟಾ ಮಾಡಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಲಿಫ್ಟಣ್ಣ ಅಲ್ಲೇ ನಿಂತಿದ್ದ. ಹಿಂದೆ ಬಂದ ಇನ್ನೊಂದು ಬಸ್ಸಿನವನು ಹಾರನ್ ಹೊಡೆದು, ತಲೆ ಹೊರಗೆ ಹಾಕಿ, "ಯಜಮಾನ್ರೇ, ಸ್ವಲ್ಪ ಈಚೆ ಬನ್ನಿ" ಎಂದು ಕೂಗಬೇಕಾಯಿತು.